ಹರಕೆ ತೀರಿಸುವ ಬಗೆ

ಮಳೆ ಕೈಕೊಟ್ಟರೆ ಯಲಬುರ್ಗಾ ಸೀಮೆಯಲ್ಲಿ ದೇವರಿಗೆ ಹರಕೆ ಹೊರುತ್ತೇವೆ. ಬಂದ ಮಳೆಯನ್ನು ಹಿಡಿದಿಡಲು ಮಾತ್ರ ಮರೆಯುತ್ತೇವೆ.

2017ರಲ್ಲಿ ನಟ ಯಶ್ ಅವರ ಯಶೋಮಾರ್ಗ ಸಂಸ್ಥೆ ಇದೇ ತಾಲ್ಲೂಕಿನ ತಲ್ಲೂರು ಕೆರೆಯ ಹೂಳು ತೆಗೆಸಿತು. 2019ರಲ್ಲಿ ಕೊಪ್ಪಳ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿಯವರೇ ಹಿರೇಹಳ್ಳಕ್ಕಿಳಿದರು. ಭಕ್ತರು ಜೊತೆಗೂಡಿದರು, 20 ಕಿಲೋಮೀಟರಿಗೂ ಹೆಚ್ಚು ಉದ್ದದ ಹಳ್ಳ ಸ್ವಚ್ಛವಾಯಿತು. ಅಲ್ಲಿ ದುಡಿಮೆಯೇ ಪೂಜೆಯಾಯಿತು.

ಹೂಳೆತ್ತುವುದು ಒಮ್ಮೆಯ ಕೆಲಸ. ಮತ್ತೆ ತುಂಬದಂತೆ ಕಾಯುವುದು ದಿನನಿತ್ಯದ ಕೆಲಸ. ಪೂಜೆಯ ಹೂವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ನೀರಿಗೆಸೆದರೆ ಹರಕೆ ತೀರೀತೇ? ಪಾಲಕರೇ, ಮಕ್ಕಳು ನಮ್ಮ ಮಾತಿಗಿಂತ ನಮ್ಮ ಕೈಯನ್ನು ನೋಡಿ ಕಲಿಯುತ್ತಾರೆ. ವಿದ್ಯಾರ್ಥಿಗಳೇ, ಮುಂದಿನ ಜಾತ್ರೆಗೆ ಹೊರಟಾಗ ಬಟ್ಟೆಯ ಚೀಲ ಹಿಡಿಯಿರಿ, ಮನೆಯವರಿಗೂ ನೆನಪಿಸಿರಿ. ಅದೂ ಒಂದು ಹರಕೆಯೇ.