ಬಸುರಿಯ ಥೈರಾಯ್ಡ್ ಮಾತ್ರೆ ನಿಲ್ಲಿಸಬೇಡಿ

ಊರು ಬಿಟ್ಟು ದುಡಿಯುವ ನಮ್ಮಂಥವರು ಮಗು ತಡವಾದರೆ ಕಾರಣಗಳನ್ನು ನಾವೇ ಹುಡುಕಿಕೊಳ್ಳುತ್ತೇವೆ: ನೈಟ್ ಶಿಫ್ಟು, ಟ್ರಾಫಿಕ್ಕು, ಟೆನ್ಷನ್ನು. ಸುಸ್ತು, ತೂಕ, ಕೂದಲು ಉದುರುವುದು ಎಲ್ಲವೂ ಅದೇ ಖಾತೆಗೆ. ಪುಣೆಯಲ್ಲಿ ನನಗೆ ನಿಜವಾದ ಕಾರಣ ಸಿಕ್ಕಿದ್ದು ಒಂದು ರಕ್ತಪರೀಕ್ಷೆಯಲ್ಲಿ. ಟಿಎಸ್‌ಎಚ್ ಏರಿತ್ತು.

ಕೊರಳಿನ ಮುಂಭಾಗದಲ್ಲಿ ಚಿಟ್ಟೆಯಂತೆ ಕುಳಿತಿರುವ ಥೈರಾಯ್ಡ್ ಗ್ರಂಥಿ ಸಾಕಷ್ಟು ಹಾರ್ಮೋನ್ ಕೊಡದಿದ್ದರೆ ಮಿದುಳು ಅದಕ್ಕೆ ಹೆಚ್ಚು ಸಂಕೇತ ಕಳಿಸುತ್ತದೆ. ಆ ಸಂಕೇತ ಪ್ರೊಲ್ಯಾಕ್ಟಿನ್ ಎಂಬ ಇನ್ನೊಂದು ಹಾರ್ಮೋನನ್ನೂ ಏರಿಸಬಹುದು. ಆಗ ಮುಟ್ಟು ಏರುಪೇರಾಗುತ್ತದೆ, ಅಂಡಾಣು ಬಿಡುಗಡೆಯಾಗದೆ ಹೋಗಬಹುದು. ಮಾತ್ರೆಯಿಂದ ಟಿಎಸ್‌ಎಚ್ 2.5ಕ್ಕಿಂತ ಕೆಳಗೆ ಬಂದ ಮೇಲೆ ಮಗುವಿಗೆ ಪ್ರಯತ್ನಿಸಿ ಎಂದರು ವೈದ್ಯೆ.

ಗರ್ಭ ನಿಂತ ಸುದ್ದಿ ತಿಳಿದು ಊರಿನಿಂದ ದೊಡ್ಡಮ್ಮ ಫೋನ್ ಮಾಡಿದರು. "ಬಸುರಿ ಹೆಂಗಸಿಗೆ ಮಾತ್ರೆ ಯಾಕೆ ತಾಯಿ, ನಿಲ್ಲಿಸಿಬಿಡು." ಪ್ರೀತಿಯ ಮಾತೇ. ಆದರೆ ಲೆವೊಥೈರಾಕ್ಸಿನ್ ಎಂದರೆ ದೇಹವೇ ತಯಾರಿಸಬೇಕಿದ್ದ ಹಾರ್ಮೋನು. ಮೊದಲ 12 ವಾರ ಮಗುವಿನ ಥೈರಾಯ್ಡ್ ಕೆಲಸ ಶುರು ಮಾಡಿರುವುದಿಲ್ಲ. ಅದರ ಮಿದುಳು ಬೆಳೆಯಲು ಬೇಕಾದ ಹಾರ್ಮೋನ್ ತಾಯಿಯಿಂದಲೇ ಹೋಗಬೇಕು. ಕೊರತೆ ತೀವ್ರವಾಗಿದ್ದು ಚಿಕಿತ್ಸೆ ಸಿಗದಿದ್ದರೆ ಗರ್ಭಪಾತ, ಅವಧಿಗೆ ಮುನ್ನ ಹೆರಿಗೆಯ ಅಪಾಯ ಹೆಚ್ಚು. ನನ್ನ ವೈದ್ಯೆ ನಿಲ್ಲಿಸುವ ಬದಲು 50 ಮೈಕ್ರೋಗ್ರಾಂ ಇದ್ದದ್ದನ್ನು 75ಕ್ಕೆ ಏರಿಸಿದರು. ಅರ್ಧ ಅವಧಿಯವರೆಗೆ ಸುಮಾರು ನಾಲ್ಕು ವಾರಕ್ಕೊಮ್ಮೆ ಪರೀಕ್ಷೆ. ಇದನ್ನೆಲ್ಲ ನಿಧಾನವಾಗಿ ಹೇಳಿದ ಮೇಲೆ ದೊಡ್ಡಮ್ಮನೇ ದಿನಾ "ಮಾತ್ರೆ ಆಯ್ತಾ?" ಎಂದು ಕೇಳತೊಡಗಿದರು.

ಮಾತ್ರೆ ನುಂಗುವ ಕ್ರಮವೂ ಮುಖ್ಯ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ. ಫಿಲ್ಟರ್ ಕಾಫಿ ಅರ್ಧದಿಂದ ಒಂದು ಗಂಟೆ ಕಾಯಲಿ. ಗರ್ಭಿಣಿಯರಿಗೆ ಕೊಡುವ ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳು ಇದನ್ನು ಹೀರಲು ಬಿಡುವುದಿಲ್ಲ, ನಾಲ್ಕು ಗಂಟೆ ಅಂತರವಿರಲಿ. ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವ ತೊಂದರೆ ಇರುವವರಂತೂ ಗರ್ಭಕ್ಕೆ ಮೊದಲೇ ವೈದ್ಯರನ್ನು ಕಾಣಬೇಕು. ಅವರ ಔಷಧಿಯನ್ನೇ ಬದಲಿಸಬೇಕಾಗಬಹುದು.

ನಮ್ಮಲ್ಲಿ ಅನೇಕರು ಏಳು ತಿಂಗಳಾದ ಮೇಲೆ ತವರಿಗೆ ಹೋಗುತ್ತಾರೆ. ಊರು ಬದಲಾದಾಗ ವೈದ್ಯರೂ ಬದಲಾಗುತ್ತಾರೆ. ಎಲ್ಲ ಟಿಎಸ್‌ಎಚ್ ವರದಿಗಳು, ಮಾತ್ರೆಯ ಪ್ರಮಾಣ ಬದಲಾದ ದಿನಾಂಕಗಳು ಒಂದೇ ಫೈಲಿನಲ್ಲಿರಲಿ. ಹೆರಿಗೆಯಾದ ಮೇಲೆ ಪ್ರಮಾಣ ಸಾಮಾನ್ಯವಾಗಿ ಮತ್ತೆ ಇಳಿಯುತ್ತದೆ, ಆರು ವಾರಕ್ಕೆ ಪರೀಕ್ಷೆ ಬೇಕು. ಬಾಣಂತನದ ಗಡಿಬಿಡಿಯಲ್ಲಿ ಅದು ಮರೆತುಹೋಗುವುದೇ ಹೆಚ್ಚು. ಜೊತೆಗೆ ಹುಟ್ಟಿದ ಮಗುವಿಗೂ ಮೊದಲ ದಿನಗಳಲ್ಲೇ ಥೈರಾಯ್ಡ್ ಪರೀಕ್ಷೆ ಮಾಡಿಸಿದ್ದಾರೆಯೇ ಎಂದು ಕೇಳಿ ತಿಳಿದುಕೊಳ್ಳಿ.