ಗರಗಸದ ಮೇಜಿಗೆ ಮೂರು ಸಹಾಯಕರು

ಮನೆಯಲ್ಲಿ ಬೀರುವನ್ನೋ ಅಡಿಗೆಮನೆಯ ಕಪಾಟನ್ನೋ ಮಾಡಿಸಲು ಹೊರಟರೆ, ಅಂಗಳದಲ್ಲಿ ಮೊದಲು ತಲೆಯೆತ್ತುವುದು ಗರಗಸದ ಮೇಜು. ಪ್ಲೈವುಡ್ಡಿನ ಮೇಜಿಗೆ ಕೆಳಗಿನಿಂದ ಕಟಿಂಗ್ ಮಿಷನ್ನನ್ನು ತಲೆಕೆಳಗಾಗಿ ಬಿಗಿದು, ಅದರ ಹಲ್ಲಿನ ಚಕ್ರವನ್ನು ಸೀಳೊಂದರಿಂದ ಮೇಲಕ್ಕೆ ಹಾಯಿಸಿದರೆ ಆಯಿತು. ದಿನಗಟ್ಟಲೆಯ ಕೊಯ್ತ ಗಂಟೆಗಳಲ್ಲಿ ಮುಗಿಯುತ್ತದೆ. ಆದರೆ ಇಂಥ ಮೇಜಿನಲ್ಲಿ ಅನೇಕ ವೇಳೆ ಚಕ್ರಕ್ಕೆ ಮರೆಯೇ ಇರುವುದಿಲ್ಲ. ಹಲಗೆಯನ್ನು ತಳ್ಳುವುದು ಬಡಗಿಯ ಬರಿಗೈ.

ಆ ಕೈಗೆ ಎದುರಾಗುವ ವೇಗವೆಷ್ಟು? 7 ಅಂಗುಲ ವ್ಯಾಸದ ಚಕ್ರ ನಿಮಿಷಕ್ಕೆ 5000 ಸುತ್ತು ತಿರುಗಿದರೆ, ಅದರ ಹಲ್ಲುಗಳು ಗಂಟೆಗೆ ಸುಮಾರು 168 ಕಿಲೋಮೀಟರ್ ವೇಗದಲ್ಲಿ ಓಡುತ್ತವೆ. ತಗಲಿದ ಮೇಲೆ ಕೈ ಹಿಂದೆಗೆಯಲು ಸಮಯವಿರುವುದಿಲ್ಲ. ಆದುದರಿಂದ ಮೊದಲಿನಿಂದಲೇ ಕೈಯನ್ನು ದೂರವಿಡಬೇಕು. ಅದಕ್ಕೆ ಬೇಕಾದ ಮೂರು ಸಾಧನಗಳನ್ನು ಉಳಿದ ಮರದ ಚೂರುಗಳಿಂದಲೇ ಮಾಡಿಕೊಳ್ಳಬಹುದು.

ಮೊದಲನೆಯದು ತಳ್ಳುಕೋಲು. ಮುಕ್ಕಾಲು ಅಂಗುಲ ದಪ್ಪದ, ಒಂದೂವರೆ ಅಡಿ ಉದ್ದದ ಪ್ಲೈವುಡ್ ಪಟ್ಟಿ ಸಾಕು. ಒಂದು ತುದಿಯಲ್ಲಿ ಹಕ್ಕಿ ಕೊಕ್ಕು ತೆರೆದಂತೆ ಕಚ್ಚು ಮಾಡಿ. ಇನ್ನೊಂದನ್ನು ಹಿಡಿಯಲು ಹಿತವಾಗುವಂತೆ ಉಜ್ಜಿ. ಕೊಯ್ತದ ಕೊನೆಯ ಒಂದು ಅಡಿಯನ್ನು ಯಾವಾಗಲೂ ಈ ಕೋಲಿನಿಂದಲೇ ತಳ್ಳಬೇಕು. ಚಕ್ರ ತಗಲಿದರೆ ಕೋಲಿಗೆ ಗಾಯವಾದೀತು. ಇನ್ನೊಂದನ್ನು ಮಾಡುವುದೇನೂ ಕಷ್ಟವಲ್ಲ.

ಎರಡನೆಯದು ಬಾಚಣಿಗೆ ಹಲಗೆ. ನೇರ ಎಳೆಯ ಮರದ ತುಂಡಿನ ತುದಿಯನ್ನು 30 ಡಿಗ್ರಿ ಓರೆಯಾಗಿ ಕತ್ತರಿಸಿ, ಅಲ್ಲಿಂದ ಎಳೆಯ ಉದ್ದಕ್ಕೆ ಕಾಲಂಗುಲಕ್ಕೊಂದರಂತೆ ಎರಡು ಮೂರು ಅಂಗುಲದ ಸೀಳುಗಳನ್ನು ಕೈಗರಗಸದಿಂದ ಕೊಯ್ಯಬೇಕು. ಇದನ್ನು ಮೇಜಿಗೆ ಕ್ಲಾಂಪಿನಿಂದ ಬಿಗಿದರೆ, ಬಾಗುವ ಹಲ್ಲುಗಳು ಹಲಗೆಯನ್ನು ಪಕ್ಕದ ಆನುಪಟ್ಟಿಗೆ ಒತ್ತಿ ಹಿಡಿಯುತ್ತವೆ. ಮುಂದಕ್ಕೆ ಬಿಡುತ್ತವೆ, ಹಿಂದಕ್ಕೆ ಸುಲಭವಾಗಿ ಬಿಡುವುದಿಲ್ಲ. ಎಚ್ಚರಿಕೆ: ಇದು ಚಕ್ರಕ್ಕಿಂತ ಈಚೆಯೇ, ಬಡಗಿ ನಿಲ್ಲುವ ಕಡೆಗೇ, ಇರಬೇಕು. ಚಕ್ರದ ಪಕ್ಕದಲ್ಲಿಟ್ಟರೆ ಕೊಯ್ದ ಸೀಳು ಮುಚ್ಚಿ ಚಕ್ರವನ್ನು ಕಚ್ಚುತ್ತದೆ. ಹಲಗೆ ಬಡಗಿಯತ್ತಲೇ ಚಿಮ್ಮಬಹುದು.

ಮೂರನೆಯದು, ಅಡ್ಡ ಕೊಯ್ತಕ್ಕೆ, ಜಾರುಹಲಗೆ. ಪ್ಲೈವುಡ್ಡಿನ ಹಾಸು; ಅದರ ಅಡಿಯಲ್ಲಿ ಮೇಜಿನ ಎರಡು ಅಂಚುಗಳನ್ನು ಅಪ್ಪಿ ಜಾರುವ ಪಟ್ಟಿಗಳು; ಮೇಲೆ ಹಿಂದೊಂದು ಮುಂದೊಂದು ನಿಲುಹಲಗೆ. ಮೇಜಿನ ಅಂಚುಗಳು ಚಕ್ರಕ್ಕೆ ಸಮಾನಾಂತರವಾಗಿರಬೇಕು. ಮರವನ್ನು ಆನಿಸುವ ನಿಲುಹಲಗೆ ಚಕ್ರಕ್ಕೆ ಮೂಲಮಟ್ಟವಾಗಿರಬೇಕು. ಪರೀಕ್ಷಿಸಲು, ಎರಡೂ ಅಂಚು ಸಮಾನಾಂತರವಾಗಿರುವ ಅಗಲದ ತುಂಡನ್ನು ಕೊಯ್ದು, ಒಂದು ಭಾಗವನ್ನು ಅಡಿಮೇಲಾಗಿ ಮಗುಚಿ, ಎರಡನ್ನೂ ನೇರ ಪಟ್ಟಿಗೆ ಆನಿಸಿ ಕೂಡಿಸಿ. ತಪ್ಪಿದ್ದರೆ ಅದು ಇಮ್ಮಡಿಯಾಗಿ ಸಂದಿನಲ್ಲಿ ಕಾಣುತ್ತದೆ. ಚಕ್ರ ಹೊರಬರುವೆಡೆಯಲ್ಲಿ ನಿಲುಹಲಗೆಯ ಹಿಂದೆ ದಪ್ಪ ಮರದ ತುಂಡನ್ನು ಅಂಟಿಸಿ ಮರೆಮಾಡಿ. ಚಕ್ರದ ದಾರಿಯಲ್ಲಿ ಮೊಳೆ, ಸ್ಕ್ರೂ ಬೇಡ.

ಈ ಮೂರೂ ಚಕ್ರದ ಮರೆಗೆ ಬದಲಿಯಲ್ಲ, ಅದಕ್ಕೆ ಜೊತೆ. ಮನೆಯವರು ಮಾಡಬೇಕಾದುದೂ ಒಂದಿದೆ. ಕೆಲಸದ ಮೊದಲ ದಿನವೇ ಬಡಗಿಗೆ ಒಂದಿಷ್ಟು ಪ್ಲೈವುಡ್ ಚೂರುಗಳನ್ನೂ ಅರ್ಧ ದಿನದ ಅವಕಾಶವನ್ನೂ ಕೊಡಿ. ‘ಬೇಗ, ಬೇಗ’ ಎಂದು ಅವಸರಪಡಿಸಬೇಡಿ. ಅರ್ಧ ದಿನದ ಕೂಲಿ ಹೆಚ್ಚಾದೀತು. ಆದರೆ ಬೀರು ನಿಮ್ಮ ಮನೆಯಲ್ಲಿ ಉಳಿಯುವಂತೆ, ಬೆರಳು ಹತ್ತೂ ಅವರ ಕೈಯಲ್ಲಿ ಉಳಿಯಬೇಕಷ್ಟೆ.