ಪಿಸ್ಟನ್ ಎಲ್ಲಿರಬೇಕು? – ಕೊಳವೆಬಾವಿಯ ರಿಗ್‌ನಿಂದ ರೈಫಲ್‌ವರೆಗೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ – ತುಮಕೂರು ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ಕೊಳವೆಬಾವಿ ಕೊರೆಯುವ ಸದ್ದನ್ನು ಕೇಳದವರು ವಿರಳ. ಇಲ್ಲಿ ನೆಲದಡಿ ಇರುವುದು ಹೆಚ್ಚಾಗಿ ಗ್ರಾನೈಟ್ ಮತ್ತು ನೈಸ್ ಶಿಲೆ. ಅದನ್ನು ಒಡೆಯಲು ಎರಡು ಬಗೆಯ ಯಂತ್ರಗಳನ್ನು ನೀವು ನೋಡಿರಬಹುದು. ತೆರೆದ ಬಾವಿಯ ತಳದಲ್ಲಿ, ಕಲ್ಲಿನ ಕ್ವಾರಿಯಲ್ಲಿ ಬಳಸುವ ಜಾಕ್‌ಹ್ಯಾಮರ್‌ನಲ್ಲಿ ಪಿಸ್ಟನ್ ಮೇಲ್ಗಡೆ, ಕೆಲಸಗಾರನ ಕೈಯ ಬಳಿಯೇ ಇರುತ್ತದೆ. ಅದರ ಹೊಡೆತವನ್ನು ಉಕ್ಕಿನ ಸರಳು ಕಲ್ಲಿಗೆ ಮುಟ್ಟಿಸುತ್ತದೆ. ಕೊಳವೆಬಾವಿಯ ರಿಗ್‌ನಲ್ಲಿ ಹಾಗಲ್ಲ. ಕಂಪ್ರೆಸರಿನ ಗಾಳಿ ಪೈಪಿನೊಳಗೆ ನೂರಾರು ಅಡಿ ಇಳಿದು, ತಳದಲ್ಲಿ ಬಿಟ್‌ನ ಬೆನ್ನಿಗೇ ಇರುವ ಪಿಸ್ಟನ್ ಅನ್ನು ನಡೆಸುತ್ತದೆ. ಮೊದಲನೆಯದರಲ್ಲಿ ಶಕ್ತಿಯನ್ನು ಸಾಗಿಸುವುದು ಸರಳು; ಎರಡನೆಯದರಲ್ಲಿ ಅನಿಲ.

ಸೇನೆ ಸೇರುವ ಆಸೆಯಿದ್ದ ವಿದ್ಯಾರ್ಥಿಯೊಬ್ಬ ಒಮ್ಮೆ ತರಗತಿಯಲ್ಲಿ ಕೇಳಿದ: “ಸಾರ್, ಗ್ಯಾಸ್ ರೈಫಲ್‌ನ ಮೇಲ್ಭಾಗ ತೆಗೆದು ಪಿಸ್ಟನ್ ರೈಫಲ್‌ನ ಮೇಲ್ಭಾಗ ಕೂರಿಸಿದರೆ ಕೆಲಸ ಮಾಡುತ್ತದೆಯೇ?” ಪ್ರಶ್ನೆ ಬಂದೂಕಿನದು, ಉತ್ತರ ಭೌತವಿಜ್ಞಾನದ್ದು. ಈ ಎರಡು ಯಂತ್ರಗಳಿಂದಲೇ ಉತ್ತರವನ್ನು ಆರಂಭಿಸಿದೆ.

ಎರಡು ವಿನ್ಯಾಸಗಳು

ಅರೆಸ್ವಯಂಚಾಲಿತ ರೈಫಲ್‌ನಲ್ಲಿ ಗುಂಡು ನಳಿಗೆಯಲ್ಲಿ ಸಾಗುವಾಗ ಅದರ ಹಿಂದಿನ ಬಿಸಿ ಅನಿಲದ ಸ್ವಲ್ಪ ಭಾಗವನ್ನು ಒಂದು ಸಣ್ಣ ರಂಧ್ರದಿಂದ ಹೊರಸೆಳೆಯಲಾಗುತ್ತದೆ. ಖಾಲಿ ತೋಟಾವನ್ನು ಹೊರಹಾಕಿ ಹೊಸದನ್ನು ತುಂಬುವ ಬೋಲ್ಟ್ ಮತ್ತು ಅದನ್ನು ಹೊತ್ತ ಕ್ಯಾರಿಯರ್ ಚಲಿಸುವುದು ಈ ಅನಿಲದಿಂದ.

ಯೂಜೀನ್ ಸ್ಟೋನರ್ ರೂಪಿಸಿದ ಎಆರ್-15, ಎಂ-16 ವಂಶದಲ್ಲಿ ಅನಿಲವು ತೆಳು ಕೊಳವೆಯ ಮೂಲಕ ಹಿಂದಕ್ಕೆ ಬಂದು ಕ್ಯಾರಿಯರ್‌ನ ಒಳಗೇ ಹಿಗ್ಗುತ್ತದೆ. ಅಲ್ಲಿ ಬೋಲ್ಟೇ ಪಿಸ್ಟನ್. ಇದು ನಮ್ಮ ರಿಗ್‌ನ ಕ್ರಮ. ಪಿಸ್ಟನ್ ರೈಫಲ್‌ನಲ್ಲಿ ಅನಿಲದ ಕೆಲಸ ಮುಂದುಗಡೆ, ರಂಧ್ರದ ಬಳಿಯೇ ಮುಗಿಯುತ್ತದೆ. ಅಲ್ಲಿಂದ ಹಿಂದಕ್ಕೆ ತಳ್ಳುವುದು ಲೋಹದ ದಂಡ. ಇದು ಜಾಕ್‌ಹ್ಯಾಮರ್‌ನ ಕ್ರಮ. ಭಾರತೀಯ ಸೇನೆಯ ಇನ್ಸಾಸ್ ರೈಫಲ್ ಪಿಸ್ಟನ್ ಜಾತಿಯದು. ಇನ್ಸಾಸ್‌ನಲ್ಲಿ ಪಿಸ್ಟನ್ ಕ್ಯಾರಿಯರ್‌ಗೆ ಸೇರಿಕೊಂಡು ಅದರೊಡನೆ ಪೂರ್ಣ ದೂರ ಚಲಿಸುತ್ತದೆ. ಬೇರೆ ಕೆಲವು ಪಿಸ್ಟನ್ ರೈಫಲ್‌ಗಳಲ್ಲಿ ಅದು ಗಿಡ್ಡ ದೂರ ಚಲಿಸಿ, ಹೊಡೆದು ನಿಲ್ಲುತ್ತದೆ.

ಲಾಭ, ನಷ್ಟ

ರಿಗ್‌ನಲ್ಲಿ ಕೆಲಸ ಮುಗಿಸಿದ ಗಾಳಿ ಕಲ್ಲಿನ ಪುಡಿಯನ್ನು ಮೇಲೆತ್ತಿ ತರುತ್ತದೆ. ಅಲ್ಲಿ ಅದು ವರ. ರೈಫಲ್‌ನಲ್ಲಿ ಅದೇ ಅನಿಲ ಮಸಿಯನ್ನೂ ಉಷ್ಣವನ್ನೂ ಬೋಲ್ಟಿನ ಬಳಿ ಬಿಟ್ಟುಹೋಗುತ್ತದೆ. ಪಿಸ್ಟನ್ ಕ್ರಮದಲ್ಲಿ ಈ ಭಾಗ ಹೆಚ್ಚು ತಂಪಾಗಿಯೂ ಶುಚಿಯಾಗಿಯೂ ಉಳಿಯುತ್ತದೆ. ಆದರೆ ಅದಕ್ಕೂ ಬೆಲೆಯಿದೆ. ಸ್ಟೋನರ್ ವಿನ್ಯಾಸದಲ್ಲಿ ಬಲವು ನಳಿಗೆಯ ಅಕ್ಷದ ಮೇಲೆಯೇ ಬೀಳುತ್ತದೆ. ದಂಡವಾದರೋ ಅಕ್ಷಕ್ಕಿಂತ ಮೇಲೆ ಹೊಡೆಯುತ್ತದೆ. 1000 ನ್ಯೂಟನ್ ಬಲವು ಅಕ್ಷದಿಂದ 2 ಸೆಂ.ಮೀ. ಮೇಲೆ ಬಿತ್ತೆಂದು ಭಾವಿಸಿ: ಟಾರ್ಕ್ 1000 × 0.02 = 20 ನ್ಯೂಟನ್-ಮೀಟರ್. ಇದರಿಂದ ಕ್ಯಾರಿಯರ್‌ನ ಹಿಂತುದಿ ಕೆಳಕ್ಕೆ ವಾಲಿ ಉಜ್ಜುತ್ತದೆ. ಮೇಜಿನ ಡ್ರಾಯರನ್ನು ಒಂದು ಅಂಚಿನಲ್ಲಿ ಹಿಡಿದು ತಳ್ಳಿದಾಗ ಅದು ಸಿಕ್ಕಿಕೊಳ್ಳುವುದೂ ಇದೇ ಕಾರಣಕ್ಕೆ.

ಅದಲು ಬದಲು ಸಾಧ್ಯವೇ?

ಎಆರ್ ವಂಶದ ರೈಫಲ್‌ನಲ್ಲಿ ಮೇಲ್ಭಾಗ ಮತ್ತು ಕೆಳಭಾಗಗಳನ್ನು ಎರಡು ಪಿನ್ನುಗಳು ಹಿಡಿದಿಡುತ್ತವೆ. ನಳಿಗೆ, ಅನಿಲ ವ್ಯವಸ್ಥೆ, ಬೋಲ್ಟ್ ಎಲ್ಲವೂ ಮೇಲ್ಭಾಗದಲ್ಲಿ. ಟ್ರಿಗರ್, ಮ್ಯಾಗಜೀನಿನ ಕುಳಿ, ಕ್ಯಾರಿಯರನ್ನು ತಡೆಯುವ ಬಫರ್ ಮತ್ತು ಸ್ಪ್ರಿಂಗ್ ಕೆಳಭಾಗಕ್ಕೆ ಸೇರಿದವು. ಆದ್ದರಿಂದ ಒಂದೇ ಮಾದರಿಯ, ಒಂದೇ ತೋಟಾದ ಮೇಲ್ಭಾಗವನ್ನು ಇಡಿಯಾಗಿ ಬದಲಿಸಿದರೆ ತತ್ತ್ವತಃ ಅಡ್ಡಿಯಿಲ್ಲ. ಅನಿಲ ಎಲ್ಲಿ ಹಿಗ್ಗಿತು ಎಂಬುದು ಕೆಳಭಾಗಕ್ಕೆ ತಿಳಿಯದು. ಅದಕ್ಕೆ ತಲಪುವುದು ಕ್ಯಾರಿಯರ್‌ನ ಸಂವೇಗ ಮಾತ್ರ. ಸಂವೇಗ ಕಡಿಮೆಯಾದರೆ ಹೊಸ ತೋಟಾ ಏರದು. ಹೆಚ್ಚಾದರೆ ಭಾಗಗಳು ಬಡಿದು ಸವೆಯುತ್ತವೆ. ಹಾಗಾಗಿಯೇ ಬಫರಿನ ರಾಶಿ ಮತ್ತು ಸ್ಪ್ರಿಂಗ್ ಮೇಲ್ಭಾಗಕ್ಕೆ ಹೊಂದಬೇಕು.

ಬಿಡಿಭಾಗಗಳನ್ನು ಬೆರೆಸುವುದು ಬೇರೆಯೇ ಮಾತು. ಪಿಸ್ಟನ್ ರೈಫಲ್‌ನ ಕ್ಯಾರಿಯರ್‌ಗೆ ಅನಿಲವನ್ನು ಒಳಗೊಳ್ಳುವ ಬಾಯಿಯೇ ಇಲ್ಲ. ಅದನ್ನು ಗ್ಯಾಸ್ ರೈಫಲ್‌ಗೆ ಹಾಕಿದರೆ ಅನಿಲ ವ್ಯರ್ಥವಾಗಿ ಸೋರುತ್ತದೆ. ಒಂದು ನಳಿಗೆಗೆ ಅಳೆದ ಬೋಲ್ಟನ್ನು ಇನ್ನೊಂದಕ್ಕೆ ಜೋಡಿಸುವುದಂತೂ ಅಪಾಯ. ರಿಗ್‌ನ ಗಾಳಿಯ ಒತ್ತಡ ಕೆಲವು ಹತ್ತು ವಾಯುಭಾರ, 5.56 ಮಿ.ಮೀ. ರೈಫಲ್‌ನ ನಳಿಗೆಯ ಬುಡದಲ್ಲಿ ಅದು ಕ್ಷಣಕಾಲ ಸುಮಾರು 4,000 ವಾಯುಭಾರ. ಆ ಒತ್ತಡದ ಎದುರು ಮುಖದ ಹತ್ತಿರ ನಿಂತಿರುವುದು ಬೋಲ್ಟ್ ಒಂದೇ. ನಮ್ಮಲ್ಲಿ 1959ರ ಆಯುಧ ಕಾಯಿದೆಯಂತೆ ಬಂದೂಕನ್ನು ಮಾರ್ಪಡಿಸಲು, ದುರಸ್ತಿ ಮಾಡಲು ಕೂಡ ಪರವಾನಗಿ ಬೇಕು. ಭೌತವಿಜ್ಞಾನ ಬಲ್ಲವರಿಗೆ ಆ ನಿಯಮ ಅತಿಯೆನಿಸದು.

ವಿದ್ಯಾರ್ಥಿಗೆ ನಾನು ಕೊಟ್ಟ ಉತ್ತರ ಇಷ್ಟೇ: ಪಿನ್ನು ಕೂತಿತೆಂದರೆ ಆಕಾರ ಹೊಂದಿತು ಎಂದರ್ಥ, ಬಲ, ಸಂವೇಗ, ಉಷ್ಣ ಹೊಂದಿದವು ಎಂದಲ್ಲ. ಮುಂದಿನ ಬಾರಿ ಊರಿನಲ್ಲಿ ರಿಗ್ ಬಂದಾಗ ಮಕ್ಕಳನ್ನು ಸುರಕ್ಷಿತ ದೂರದಲ್ಲಿ ನಿಲ್ಲಿಸಿ ಕೇಳಿ: ಇದರ ಪಿಸ್ಟನ್ ಎಲ್ಲಿದೆ? ಅದನ್ನು ಮೇಲಕ್ಕೆ ತಂದರೆ, ನೂರಾರು ಅಡಿ ಪೈಪಿನ ಪ್ರತಿಯೊಂದು ಜೋಡಣೆಯಲ್ಲೂ ಹೊಡೆತದ ಶಕ್ತಿ ಏನಾಗುತ್ತದೆ?